ಒಂದೇ ಭಾನುವಾರದ ರೇಸಿನಿಂದ 14 ಸುತ್ತಿನವರೆಗೆ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನನ್ನ ತಮ್ಮನ ಬೋಲ್ಟು-ನಟ್ಟಿನ ಅಂಗಡಿ ಇದೆ. ಭದ್ರಾವತಿ ಕಾರ್ಖಾನೆಯ ಮಿಷಿನ್ ಶಾಪಿನಿಂದ ನಿವೃತ್ತನಾದ ಮೇಲೆ ಹಗಲೆಲ್ಲ ನಾನು ಕೂರುವುದು ಅಲ್ಲೇ. ಗಲ್ಲಾಪೆಟ್ಟಿಗೆಯ ಮೇಲೆ ನೇತುಹಾಕಿದ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಳ ಪಕ್ಕ 2025ರಲ್ಲಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಟ್ಟಿದ್ದೆ: ಸೆಪ್ಟೆಂಬರ್ 20-21 ಬಾಕು, ನವೆಂಬರ್ 29-30 ಲುಸೇಲ್, ಡಿಸೆಂಬರ್ 6-7 ಯಾಸ್ ಮರೀನಾ. ಆ ವರ್ಷದ ಫಾರ್ಮುಲಾ 2 ರೇಸಿನ 14 ಸುತ್ತುಗಳಲ್ಲಿ ಮೊಂಜಾ ಮುಗಿದ ಮೇಲೆ ಉಳಿದಿದ್ದದ್ದು ಇಷ್ಟೇ. ನಮ್ಮ ಬೆಂಗಳೂರಿನ ಹುಡುಗ ಕುಶ್ ಮೈನಿ ಅದರಲ್ಲಿದ್ದ.

ಇನ್ನೂ ಮೂರು ಬಾಕಿ ಇವೆ ಎಂದು ಎಣಿಸಿ ಕಾಯುವ ಭಾಗ್ಯ ನಮ್ಮ ಕಾಲದವರಿಗೆ ಇರಲಿಲ್ಲ. ದಕ್ಷಿಣದವರಿಗೆ ದೊಡ್ಡ ರೇಸು ಎಂದರೆ ಷೋಲಾವರಂ. ಮದ್ರಾಸಿನ ಉತ್ತರಕ್ಕೆ, ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನಗಳಿಗೆಂದು ಹಾಸಿದ ಓಡುಹಾದಿ ಅದು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅಲ್ಲಿ ರೇಸು ನಡೆಸುತ್ತಿದ್ದರು. ಹಿಂಗಾರು ಮಳೆ ಮುಗಿದು, ಬಿಸಿಲು ಇನ್ನೂ ಏರದ ಫೆಬ್ರವರಿಯೇ ಅದರ ಕಾಲ. ನಮ್ಮ ಈ ಬೀದಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ತವರುಮನೆಗೆ ಬಂದು ಕೂರುವ ಜಾತ್ರೆಯಂತೆ ಅದೂ ಬಂದರೆ ಬಂತು, ಹೋದರೆ ಹೋಯಿತು. ಆ ಭಾನುವಾರ ಎರಡನೇ ಸುತ್ತಿನಲ್ಲಿ ಗ್ಯಾಸ್ಕೆಟ್ ಸುಟ್ಟರೆ, ಚಾಲಕ ಮುಂದಿನ ಫೆಬ್ರವರಿಯವರೆಗೆ ಕಾಯಬೇಕಿತ್ತು.

ಎಂಬತ್ತರ ದಶಕದ ಆರಂಭದಲ್ಲಿ ಶಾಪಿನ ಗೆಳೆಯರ ಜತೆ ಬೆಂಗಳೂರಿಗೆ ಹೋಗಿ, ಅಲ್ಲಿಂದ ರಾತ್ರಿ ರೈಲು ಹತ್ತಿ ಷೋಲಾವರಂ ನೋಡಿ ಬಂದೆ. ಅಂಬಾಸಿಡರು, ಫಿಯೆಟ್ಟು, ಹೆರಾಲ್ಡುಗಳ ಗದ್ದಲ ಮುಗಿದ ಮೇಲೆ ಮಡ್‌ಗಾರ್ಡೇ ಇಲ್ಲದ, ಒಬ್ಬನೇ ಕೂರುವ ಗಾಡಿಗಳು ಬಂದವು. ವಿಜಯ್ ಮಲ್ಯ ಬೆಂಗಳೂರಿನಿಂದ ಎನ್‌ಸೈನ್ ಎಂಬ ಹಳೆಯ ಫಾರ್ಮುಲಾ ಒನ್ ಕಾರನ್ನೇ ತಂದು ಅಲ್ಲಿ ಓಡಿಸಿದ ಕಾಲ ಅದು. ನನ್ನ ಕಣ್ಣು ಮಾತ್ರ ಆ ಗಾಡಿಗಳ ಚಕ್ರ ಹಿಡಿದಿದ್ದ ಕಡ್ಡಿಗಳ ಮೇಲೆ ನೆಟ್ಟಿತ್ತು. ನಮ್ಮ ಕಾರ್ಖಾನೆಯ ಅಲಾಯ್ ಸ್ಟೀಲು ಮೋಟಾರು ಬಿಡಿಭಾಗ ಮಾಡುವವರಿಗೆ ಹೋಗುತ್ತಿತ್ತು. ಆ ಉಕ್ಕಿನ ಕೊನೆಯ ಕೆಲಸ ಎಂಥದ್ದೆಂದು ಅಲ್ಲಿ ಮೊದಲ ಸಲ ಕಣ್ಣಾರೆ ಕಂಡೆ. ಬೆರಳು ದಪ್ಪದ ನಾಲ್ಕು ಕಡ್ಡಿಗಳು, ತುದಿಗೊಂದು ಗುಂಡು ಜಾಯಿಂಟು. ಬ್ರೇಕು, ತಿರುವು, ಗುಂಡಿ ಎಲ್ಲದರ ಪೆಟ್ಟನ್ನೂ ಅವೇ ತಿನ್ನಬೇಕು.

ತೆರೆದ ಚಕ್ರದ ಅಪಾಯವೂ ಅಲ್ಲೇ ಇದೆ. ಓಡುವ ಚಕ್ರದ ಮುಂಭಾಗ ಕೆಳಕ್ಕಿಳಿಯುತ್ತದೆ, ಹಿಂಭಾಗ ಮೇಲಕ್ಕೇಳುತ್ತದೆ. ಹಿಂದಿನ ಗಾಡಿಯ ಮುಂಚಕ್ರ ಮುಂದಿನ ಗಾಡಿಯ ಹಿಂಚಕ್ರಕ್ಕೆ ತಾಗಿದರೆ ಒಂದು ಇನ್ನೊಂದರ ಮೇಲೆ ಹತ್ತಿಬಿಡುತ್ತದೆ, ಗಾಡಿ ಗಾಳಿಗೆ ಹಾರುತ್ತದೆ. ಇದು ಗೊತ್ತಿದ್ದೂ ಅಷ್ಟು ಹತ್ತಿರ ಓಡಿಸುವವರ ಬಗ್ಗೆ ನನಗೆ ಅಂದಿನಿಂದ ಇಂದಿನವರೆಗೆ ಗೌರವ.

ಪರಿಸ್ಥಿತಿ ಬದಲಾದದ್ದು ಇಬ್ಬಗೆಯಲ್ಲಿ. 1988ರಲ್ಲಿ ಕೊಯಮತ್ತೂರಿನ ಕರಿವರ್ಧನ್ ಮಾರುತಿ 800ರ 796 ಸಿಸಿ ಎಂಜಿನನ್ನು ಚಾಲಕನ ಬೆನ್ನ ಹಿಂದೆ ಕೂರಿಸಿ ಫಾರ್ಮುಲಾ ಮಾರುತಿ ಕಟ್ಟಿದರು. ಊರೂರಿನ ಮೆಕ್ಯಾನಿಕ್ಕಿಗೆ ಗೊತ್ತಿರುವ ಎಂಜಿನ್, ಊರೂರಲ್ಲೂ ಸಿಗುವ ಬಿಡಿಭಾಗ. ಇಷ್ಟು ದೊಡ್ಡ ಉಪಕಾರವನ್ನು ಈ ಕ್ರೀಡೆಗೆ ಬೇರೆ ಯಾರೂ ಮಾಡಿಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಮುಂದೆ 2005ರಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕನಾದ ನಾರಾಯಣ್ ಕಾರ್ತಿಕೇಯನ್ ಮೊದಲು ಓಡಿಸಿದ್ದು ಅದನ್ನೇ. ಇನ್ನೊಂದು, 1990ರಲ್ಲಿ ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟೆಯಲ್ಲಿ ರೇಸಿಗೆಂದೇ ಟ್ರ್ಯಾಕ್ ಆಯಿತು. ಎರವಲು ನೆಲ ಹೋಗಿ ಸ್ವಂತ ನೆಲ ಬಂದಾಗ ವರ್ಷಕ್ಕೆ ಹಲವು ಸುತ್ತು ನಡೆಸಲು ದಾರಿಯಾಯಿತು. ಈ ಭಾನುವಾರ ಕೆಟ್ಟರೆ ಮುಂದಿನ ತಿಂಗಳು ಸರಿಮಾಡಿಕೊಳ್ಳಬಹುದು. ಚಾಲಕ ಪಳಗುವುದು ಹಾಗೆ.

ನಮ್ಮ ರಾಜ್ಯದಲ್ಲಿ ಆ ಮಟ್ಟದ ಟ್ರ್ಯಾಕ್ ಇನ್ನೂ ಆಗಿಲ್ಲವೆಂಬ ಸಂಕಟ ನನಗಿದೆ. ಮೈನಿ ಅಣ್ಣತಮ್ಮಂದಿರು ಅದಿಲ್ಲದೆಯೇ ಹೊರದೇಶದಲ್ಲಿ ಬೆಳೆದರು. ಅಣ್ಣ ಅರ್ಜುನ್ 2018ರಲ್ಲಿ ಫಾರ್ಮುಲಾ 2 ಓಡಿಸಿದ. ತಮ್ಮ ಕುಶ್ 2025ರ ಮೇ ತಿಂಗಳಲ್ಲಿ ಮೊನಾಕೋದ ಸ್ಪ್ರಿಂಟ್ ಎಂಬ ಚಿಕ್ಕ ರೇಸು ಗೆದ್ದ. ಅರ್ಹತಾ ಸುತ್ತಿನಲ್ಲಿ ಹತ್ತನೆಯವನಾದವನಿಗೆ ಸ್ಪ್ರಿಂಟ್‌ನಲ್ಲಿ ಮೊದಲ ಜಾಗ ಸಿಗುವ ನಿಯಮ ಇದೆ. ಆ ಜಾಗದಿಂದ ಹೊರಟವನು ಕೊನೆಯವರೆಗೂ ಯಾರಿಗೂ ಬಿಟ್ಟುಕೊಡಲಿಲ್ಲ. ಅಂಗಡಿಯಲ್ಲಿ ಅವತ್ತು ನಾನು ಎಲ್ಲರಿಗೂ ಕಾಫಿ ತರಿಸಿದೆ.

“ದೊಡ್ಡಪ್ಪ, ಉಳಿದ ಮೂರರಲ್ಲಿ ಇನ್ನೊಂದು ಗೆಲ್ತಾನಾ?” ಎಂದು ತಮ್ಮನ ಮಗ ಮೊಂಜಾ ಮುಗಿದಾಗ ಕೇಳಿದ. ಗಾಡಿಗಳೆಲ್ಲ ಒಂದೇ: ಡಲ್ಲಾರಾ ಕಟ್ಟಿದ ಮೈ, 3.4 ಲೀಟರಿನ ಮೆಕಾಕ್ರೋಮ್ ಟರ್ಬೊ ಎಂಜಿನ್. ಹಾಗಾಗಿ ವ್ಯತ್ಯಾಸ ಬರುವುದು ಚಾಲಕನ ಕೈ, ತಂಡದ ಸ್ಪ್ಯಾನರು, ಟೈರಿನ ಲೆಕ್ಕದಲ್ಲಿ. ಅರ್ಹತಾ ಸುತ್ತಿನಲ್ಲಿ ಕುಶ್ ಆ ವರ್ಷ ಮೇಲೆ ಬರಲು ಕಷ್ಟಪಡುತ್ತಿದ್ದ. ಶುಕ್ರವಾರದ ಆ 30 ನಿಮಿಷ ಸರಿಹೋದರೆ ಮಾತ್ರ ಉಳಿದದ್ದು.

ಲುಸೇಲ್‌ನ ಉದ್ದುದ್ದ ವೇಗದ ತಿರುವುಗಳು ಟೈರನ್ನು ತಿಂದುಹಾಕುತ್ತವೆ. ಯಾಸ್ ಮರೀನಾದಲ್ಲಿ ಗಟ್ಟಿ ಬ್ರೇಕು ಬೇಕು. ನನಗೆ ಆತಂಕವಿದ್ದದ್ದು ಬಾಕುವಿನದ್ದೇ. 6 ಕಿಲೋಮೀಟರಿನ ಊರ ಬೀದಿ, ಕೋಟೆಯ ಪಕ್ಕದಲ್ಲಿ ಎಂಟು ಮೀಟರಿಗಿಂತ ಕಡಿಮೆ ಅಗಲ, ಆಮೇಲೆ ಎರಡು ಕಿಲೋಮೀಟರಿಗೂ ಮೀರಿದ ನೇರ ದಾರಿ. 2024ರಲ್ಲಿ ಅಲ್ಲಿ ಮುಖ್ಯ ರೇಸಿನ ಆರಂಭದಲ್ಲೇ ಅವನ ಗಾಡಿ ನಿಂತಲ್ಲೇ ನಿಂತುಹೋಗಿ, ಹಿಂದಿನಿಂದ ಬಂದವರು ಗುದ್ದಿದರು. ಈ ಗಾಡಿಗಳ ಕ್ಲಚ್ಚನ್ನು ಸ್ಟಿಯರಿಂಗ್ ಹಿಂದಿನ ಪಟ್ಟಿಯಲ್ಲಿ ಬೆರಳಿನಿಂದ ಬಿಡಬೇಕು. ಒಂದು ಕೂದಲೆಳೆ ಬೇಗ ಬಿಟ್ಟರೂ ಎಂಜಿನ್ ಆರಿಹೋಗುತ್ತದೆ. ಆದ್ದರಿಂದ 21ನೇ ತಾರೀಕು ದೀಪ ಆರಿದಾಗ ಮೊದಲ ಸಾಲಿನವರನ್ನು ನೋಡುವುದಿಲ್ಲ, ಅವನ ಗಾಡಿ ಮುಂದಕ್ಕೆ ಹೊರಟಿತೇ ಎಂದಷ್ಟೇ ನೋಡುತ್ತೇನೆ ಎಂದುಕೊಂಡಿದ್ದೆ.