ದೌಲತಾಬಾದಿನಲ್ಲಿ ಉಳಿದವರು

ಮುಹಮ್ಮದ್ ಬಿನ್ ತುಘಲಕನ ಪಾಠ ಮಾಡುವಾಗ ನಾನೂ ಹಲವು ವರ್ಷ ಅವನನ್ನು 'ಹುಚ್ಚು ದೊರೆ' ಎಂದು ಹೇಳಿ ಮಕ್ಕಳನ್ನು ನಗಿಸಿದ್ದೇನೆ. 'ತುಘಲಕ್ ದರ್ಬಾರು' ಎಂಬ ಮಾತು ನಮ್ಮಲ್ಲಿ ಗಾದೆಯಂತೆ ಬಳಕೆಯಲ್ಲಿದೆಯಲ್ಲವೇ? ದೌಲತಾಬಾದಿನ ಕೋಟೆ ಹತ್ತಿ ಇಳಿದ ಮೇಲೆ ಹಾಗೆ ನಗಿಸಲು ಮನಸ್ಸು ಬಂದಿಲ್ಲ.

ನೀವೂ ಒಮ್ಮೆ ಹೋಗಿ ಬನ್ನಿ. ಮಹಾರಾಷ್ಟ್ರದ ಔರಂಗಾಬಾದಿನಿಂದ (2023ರಿಂದ ಛತ್ರಪತಿ ಸಂಭಾಜಿನಗರ) ಹೊರಟರೆ ಮೊದಲು ದೌಲತಾಬಾದ್, ಮುಂದೆ ಗುಡ್ಡದ ಮೇಲೆ ಖುಲ್ದಾಬಾದ್, ಆಚೆ ಇಳಿದರೆ ಎಲ್ಲೋರ. ಎಲ್ಲೋರದ 34 ಗುಹೆಗಳ ಪೈಕಿ ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿದು ಮಾಡಿದ ಕೈಲಾಸ ದೇವಾಲಯ 8ನೇ ಶತಮಾನದ ರಾಷ್ಟ್ರಕೂಟ ದೊರೆ ಒಂದನೇ ಕೃಷ್ಣನ ಕಾಲದ್ದು. ಅದೇ ವಂಶದವರು ಮುಂದೆ ರಾಜಧಾನಿ ಮಾಡಿಕೊಂಡದ್ದು ನಮ್ಮ ಕಲಬುರಗಿ ಜಿಲ್ಲೆಯ ಮಳಖೇಡವನ್ನು.

ದೌಲತಾಬಾದ್ ಎಂದರೆ ಯಾದವರ ದೇವಗಿರಿ. ಗುಡ್ಡದ ಬುಡವನ್ನೇ ಗೋಡೆಯಂತೆ ಕಡಿದು ನಿಲ್ಲಿಸಿದ್ದಾರೆ. ಮೇಲೇರಬೇಕಾದರೆ ಕಗ್ಗತ್ತಲೆಯ ಸುರಂಗದಲ್ಲಿ ಹಾಯಬೇಕು. 1327ರಲ್ಲಿ ತುಘಲಕ್ ರಾಜಧಾನಿಯನ್ನು ಇಲ್ಲಿಗೆ ತಂದ. ದಖ್ಖನ್ನನ್ನು ದೂರದ ದೆಹಲಿಯಿಂದ ಆಳುವುದು ಕಷ್ಟವೆಂಬ ಅವನ ಲೆಕ್ಕ ಹುಚ್ಚಿನದಲ್ಲ. ಆದರೆ ಮನೆಮಠ ಬಿಡಿಸಿ ಜನರನ್ನು ಹೊರಡಿಸಿದ್ದು ಕ್ರೌರ್ಯವೇ ಸರಿ. ದಾರಿಯಲ್ಲೇ ಎಷ್ಟೋ ಜನ ಸತ್ತರು. ಕೆಲವು ವರ್ಷಗಳ ನಂತರ ದೆಹಲಿಗೆ ಮರಳಲು ಅಪ್ಪಣೆಯಾಯಿತು. ನಮ್ಮ ಪಾಠ ಇಲ್ಲಿಗೆ ಮುಗಿಯುತ್ತದೆ.

ಆದರೆ ಎಲ್ಲರೂ ಮರಳಲಿಲ್ಲ! ಹಜರತ್ ನಿಜಾಮುದ್ದೀನ್ ಔಲಿಯಾರ ಶಿಷ್ಯರಾದ ಬುರ್ಹಾನುದ್ದೀನ್ ಗರೀಬ್, ಕವಿ ಅಮೀರ್ ಹಸನ್ ಸಿಜ್ಜಿ ಇಬ್ಬರೂ ಖುಲ್ದಾಬಾದಿನ ಮಣ್ಣಿನಲ್ಲಿದ್ದಾರೆ. ಅದೇ ಊರಿನಲ್ಲಿ ಇನ್ನೊಂದು ಸಮಾಧಿಯಿದೆ, ಕಲಬುರಗಿಯ ಖ್ವಾಜಾ ಬಂದೇ ನವಾಜರ ತಂದೆಯದು. ದೆಹಲಿಯಿಂದ ಬಂದ ಆ ಕುಟುಂಬದಲ್ಲಿ ಬಂದೇ ನವಾಜರು ಆಗ ಪುಟ್ಟ ಬಾಲಕ. ತಂದೆ ತೀರಿಕೊಂಡ ಮೇಲೆ ದೆಹಲಿಗೆ ಹೋದವರು ಮುಪ್ಪಿನಲ್ಲಿ ಮತ್ತೆ ದಖ್ಖನ್ನಿಗೆ ಬಂದರು. 1422ರಲ್ಲಿ ಕಲಬುರಗಿಯಲ್ಲೇ ನಿಧನರಾದರು. ಬಹಮನಿ ರಾಜ್ಯ 1347ರಲ್ಲಿ ಹುಟ್ಟಿದ್ದೂ ದೌಲತಾಬಾದಿನಲ್ಲೇ. ಆಮೇಲೆ ಅದರ ರಾಜಧಾನಿ ಕಲಬುರಗಿಗೆ ಬಂತು.

ದೆಹಲಿಯವರ ಮಾತು ಇಲ್ಲಿನ ನುಡಿಗಳ ಜೊತೆ ಬೆರೆತು ದಖನಿಯಾಯಿತು. ನಾವು ಮನೆಯಲ್ಲಿ ದಿನಕ್ಕೆ ನೂರು ಸಲ ಹೇಳುವ 'ನಕ್ಕೊ' ಮರಾಠಿಯ 'ನಕೋ'. (ಉರ್ದು ತರಗತಿಯಲ್ಲಿ ಇದನ್ನೇ ತಪ್ಪೆಂದು ಕೆಂಪು ಶಾಯಿಯಲ್ಲಿ ಗೀಚಿದವನೂ ನಾನೇ.)

ಈ ಊರಿನ ದ್ರಾಕ್ಷಿ, ದಾಳಿಂಬೆ ವರ್ಷಕ್ಕೆ ಎರಡು ಬೆಳೆ ಬರುತ್ತವೆಂದು 14ನೇ ಶತಮಾನದಲ್ಲೇ ಇಬ್ನ್ ಬತೂತಾ ಬರೆದಿಟ್ಟಿದ್ದಾನೆ. ಕೋಟೆಯ ಹತ್ತಿರ ರಸ್ತೆ ಬದಿಯಲ್ಲಿ ಒಬ್ಬ ಅಜ್ಜಿಯಿಂದ ಅರ್ಧ ಕಿಲೋ ದ್ರಾಕ್ಷಿ ಕೊಂಡೆ. ಅವರು ಇನ್ನೊಂದು ಗೊಂಚಲು ತಕ್ಕಡಿಗಿಡಲು ಕೈ ಎತ್ತಿದಾಗ ನನ್ನ ಬಾಯಿಂದ ತಾನಾಗಿ "ನಕ್ಕೊ" ಎಂದು ಬಂತು. ಅಜ್ಜಿ ಗೊಂಚಲನ್ನು ಬುಟ್ಟಿಗೆ ಹಾಕಿಕೊಂಡರು.