ಟೂರಿಸ್ಟ್ ಬಸ್ಸು ಮತ್ತು ಒಕ್ಕಲೆಬ್ಬಿಸಿದ ಕಣಿವೆಗಳು

ಸ್ಕಾಟ್‌ಲೆಂಡಿನ ರಾಜಧಾನಿ ಎಡಿನ್‌ಬರೋದಿಂದ ಬೆಳಿಗ್ಗೆ ಎಂಟರ ಸುಮಾರಿಗೆ ಹೊರಟು ರಾತ್ರಿ ಎಂಟರ ಹೊತ್ತಿಗೆ ವಾಪಸ್ಸು ತಂದುಬಿಡುವ ಟೂರಿಸ್ಟ್ ಬಸ್ಸುಗಳಿವೆ. ಸ್ಟರ್ಲಿಂಗ್ ಕೋಟೆಯನ್ನು ಕಿಟಕಿಯಿಂದಲೇ ತೋರಿಸಿ, ಕ್ಯಾಲಂಡರ್ ಎಂಬ ಊರಲ್ಲಿ ಕಾಫಿಗೆ ನಿಲ್ಲಿಸಿ, ರಾನಕ್ ಬಯಲು, ಗ್ಲೆನ್‌ಕೋ ಕಣಿವೆ, ಫೋರ್ಟ್ ವಿಲಿಯಂ ದಾಟಿ ನೆಸ್ ಸರೋವರದ ದಂಡೆಗೆ ಇಳಿಸುತ್ತವೆ. ಅಲ್ಲಿ ಯಾರೂ ಕಾಣದ ಒಂದು ನೀರುಪ್ರಾಣಿಯನ್ನು ಎಲ್ಲರೂ ಹುಡುಕುತ್ತಾರೆ. ಆಮೇಲೆ ಪಿಟ್ಲಾಕ್ರಿ ಊರಿನ ಮೇಲೆ ಹಾದು ಬಸ್ಸು ಹಿಂದಿರುಗುತ್ತದೆ. ದಾರಿಯುದ್ದಕ್ಕೂ ಗೈಡಿನ ಮಾತು ನಡೆದೇ ಇರುತ್ತದೆ. ರಾಜರು, ಯುದ್ಧಗಳು, ದೆವ್ವಗಳು, ವಿಸ್ಕಿ. ನಡುವೆ ಮತ್ತೆ ಮತ್ತೆ ಬರುವ ಮಾತು ಒಂದೇ: ನೋಡಿ, ಎಷ್ಟು ನಿರ್ಜನ, ಎಷ್ಟು ಪ್ರಶಾಂತ!

ಈ ನಿರ್ಜನತೆಯ ಬಗ್ಗೆಯೇ ನಾವು ಮಾತಾಡಬೇಕಾಗಿದೆ. ಗುಡ್ಡದ ತುದಿ ನಿರ್ಜನವಾಗಿದ್ದರೆ ಅದು ಪ್ರಕೃತಿ. ಹೊಳೆ ಹರಿಯುವ, ಹುಲ್ಲು ಬೆಳೆಯುವ ಕಣಿವೆಯ ತಳ ನಿರ್ಜನವಾಗಿದ್ದರೆ ಅದಕ್ಕೆ ಯಾರೋ ಕಾರಣರಿರಬೇಕು. ಆ ಹುಲ್ಲಿನ ನಡುವೆ ಮೊಣಕಾಲೆತ್ತರದ ಕಲ್ಲುಗೋಡೆಗಳು ಉಳಿದಿವೆ. ಅವು ಕೋಟೆಗಳಲ್ಲ, ಒಕ್ಕಲುಮಕ್ಕಳ ಮನೆಗಳು. ಕೋಟೆಗೆ ಟಿಕೆಟ್ ಇದೆ, ಬೋರ್ಡು ಇದೆ. ಈ ಗೋಡೆಗಳ ಹತ್ತಿರ ಬಹಳಷ್ಟು ಕಡೆ ಬಸ್ಸು ನಿಲ್ಲುವುದೂ ಇಲ್ಲ.

ಗ್ಲೆನ್‌ಕೋದಲ್ಲಿ ಮಾತ್ರ ಎಲ್ಲರೂ ನಿಲ್ಲಿಸುತ್ತಾರೆ. 1692ರ ಫೆಬ್ರವರಿ 13ರಂದು, ಅತಿಥಿಗಳಾಗಿ ಉಂಡು ಮಲಗಿದ್ದ ಸರ್ಕಾರಿ ಸೈನಿಕರು ಎದ್ದು ಮ್ಯಾಕ್‌ಡೊನಾಲ್ಡ್ ಕುಲದ ಸುಮಾರು 38 ಮಂದಿಯನ್ನು ಕೊಂದ ಜಾಗ ಅದು. ಕೊಲೆ ಘೋರವಾದದ್ದು, ನಿಜ. ಆದರೆ ಗೈಡು ಅದನ್ನು ಅಷ್ಟು ವಿಸ್ತಾರವಾಗಿ ಹೇಳೋದಕ್ಕೂ ಒಂದು ಕಾರಣವಿದೆ. ಕತ್ತಿ ಹಿಡಿದು ಬಂದವನ ಕ್ರೌರ್ಯ ಕಥೆಯಾಗುತ್ತದೆ. ಕಾಗದ ಹಿಡಿದು ಬಂದವನ ಕ್ರೌರ್ಯ ಕಥೆಯಾಗೋದಿಲ್ಲ. ಅದಕ್ಕೆ ಕೊಟ್ಟರೆ ಐದು ನಿಮಿಷ.

ಆ ಕಾಗದ ಬಂದದ್ದು ಹೀಗೆ. 1746ರ ಏಪ್ರಿಲ್ 16ರಂದು ಕಲ್ಲೋಡನ್ ಬಯಲಿನಲ್ಲಿ ಹೈಲ್ಯಾಂಡಿನ ಬಂಡಾಯ ಮುರಿದುಬಿತ್ತು. ಅಲ್ಲಿನ ಗಂಡಸರ ಉಡುಪನ್ನು ಕಾನೂನು ಮಾಡಿ ನಿಷೇಧಿಸಿದರು. 1747ರಲ್ಲಿ ಕುಲದ ಒಡೆಯರಿಗಿದ್ದ ನ್ಯಾಯಾಧಿಕಾರವನ್ನು ಕಿತ್ತರು. ಅದಕ್ಕೂ ಮೊದಲಿನಿಂದಲೇ ಬದಲಾಗುತ್ತಿದ್ದ ಸಂಬಂಧ ಈಗ ಪೂರ್ತಿ ಬದಲಾಯಿತು. ಒಡೆಯನಿಗೆ ಇನ್ನು ಯುದ್ಧಕ್ಕೆ ಆಳು ಬೇಕಿಲ್ಲ, ರೊಕ್ಕ ಬೇಕು. ಅವನು ಪಾಳೇಗಾರನಿಂದ ಜಮೀನುದಾರನಾದ. ಕುಲದ ನೆಲ ಅಂತ ಜನ ನಂಬಿಕೊಂಡಿದ್ದದ್ದು ಕಾನೂನಿನ ಕಣ್ಣಲ್ಲಿ ಒಡೆಯನೊಬ್ಬನದೇ ಆಸ್ತಿ. ಹತ್ತು ಮನೆಗಳ ಗೇಣಿಗಿಂತ ಒಬ್ಬ ಕುರಿ ಗುತ್ತಿಗೆದಾರ ಹೆಚ್ಚು ಕೊಡುತ್ತಾನೆ ಅಂದ ಮೇಲೆ ಮನುಷ್ಯರು ಹೋಗಬೇಕು, ಕುರಿ ಬರಬೇಕು. ಇಷ್ಟೇ ಲೆಕ್ಕ.

ಉತ್ತರದ ಸದರ್ಲೆಂಡ್ ಸೀಮೆಯಲ್ಲಿ ಈ ಲೆಕ್ಕ ಬೆಂಕಿಯಾಯಿತು. ಸ್ಟ್ರಾತ್‌ನೇವರ್ ಕಣಿವೆಯನ್ನು 1814ರಲ್ಲಿ ಒಮ್ಮೆ, 1819ರಲ್ಲಿ ಮತ್ತೊಮ್ಮೆ ಖಾಲಿ ಮಾಡಿಸಿದರು. ಒಡತಿಯ ಪರವಾಗಿ ಒಕ್ಕಲೆಬ್ಬಿಸುವ ಕೆಲಸಕ್ಕೆ ನಿಂತ ಪಾರುಪತ್ಯಗಾರ ಪ್ಯಾಟ್ರಿಕ್ ಸೆಲ್ಲರ್, ಹಾಗೆ ಖಾಲಿಯಾದ ನೆಲವನ್ನು ತಾನೇ ಕುರಿ ಸಾಕಲು ಗುತ್ತಿಗೆ ಹಿಡಿದಿದ್ದ. ಮರ ಸಿಗದ ಆ ಸೀಮೆಯಲ್ಲಿ ಮನೆಯ ತೊಲೆಯೇ ದೊಡ್ಡ ಆಸ್ತಿ. ಅದನ್ನು ಸುಟ್ಟರೆ ಜನ ತಿರುಗಿ ಬರುವುದಿಲ್ಲ. ಹಾಸಿಗೆ ಹಿಡಿದ ಮುದುಕಿಯೊಬ್ಬಳು ಮಲಗಿದ್ದ ಮನೆಗೂ ಬೆಂಕಿ ಇಡಿಸಿದ ಅಂತ ಅವನ ಮೇಲೆ ಮೊಕದ್ದಮೆ ಆಯಿತು. 1816ರಲ್ಲಿ ಇನ್ವರ್ನೆಸ್‌ನ ಕೋರ್ಟು ಅವನನ್ನು ನಿರ್ದೋಷಿ ಅಂತ ಬಿಟ್ಟಿತು. ಕಂಬಾಲಪಲ್ಲಿಯನ್ನು ಕಂಡ ನಮಗೆ ಆ ಕೋರ್ಟಿನ ವಾಸನೆ ಗೊತ್ತಿಲ್ಲದ್ದೇನಲ್ಲ.

ಈ ಬೆಂಕಿಯನ್ನು ಬರೆದಿಟ್ಟವನು ಪಂಡಿತನಲ್ಲ. ಡೊನಾಲ್ಡ್ ಮ್ಯಾಕ್‌ಲಿಯಾಡ್ ಎಂಬ ಕಲ್ಲುಕುಟಿಗ. ರಾತ್ರಿ ಗುಡ್ಡ ಹತ್ತಿ ನಿಂತು ಉರಿಯುತ್ತಿದ್ದ ಇನ್ನೂರೈವತ್ತು ಮನೆ ಎಣಿಸಿದೆ ಅಂತ ಅವನು ಬರೆದ. 1840-41ರಲ್ಲಿ ಎಡಿನ್‌ಬರೋದ ಪತ್ರಿಕೆಯೊಂದಕ್ಕೆ ಕಾಗದದ ಮೇಲೆ ಕಾಗದ ಬರೆದ. ಮುಂದೆ 1854ರಲ್ಲಿ ಅಮೆರಿಕದ ಹ್ಯಾರಿಯೆಟ್ ಬೀಚರ್ ಸ್ಟೋವ್ ತಮ್ಮ ಯೂರೋಪು ಪ್ರವಾಸದ ಪುಸ್ತಕ ತಂದರು. ಗುಲಾಮರ ಕಣ್ಣೀರನ್ನು ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿಯಲ್ಲಿ ಜಗತ್ತಿಗೆ ಕಾಣಿಸಿದ ಆ ತಾಯಿ, ತಮಗೆ ಆತಿಥ್ಯ ಕೊಟ್ಟ ಸದರ್ಲೆಂಡ್ ಮನೆತನದ ಒಕ್ಕಲೆಬ್ಬಿಸುವಿಕೆಯನ್ನು ಸುಧಾರಣೆ ಅಂತ ಸಮರ್ಥಿಸಿಬಿಟ್ಟರು. ಅವರ ಪುಸ್ತಕದ ಹೆಸರಿನಲ್ಲಿ ಬಿಸಿಲಿನ ನೆನಪುಗಳಿದ್ದವು. ಕಲ್ಲುಕುಟಿಗ ತನ್ನ ಉತ್ತರಕ್ಕೆ ಕತ್ತಲ ನೆನಪುಗಳು ಅಂತ ಹೆಸರಿಟ್ಟ. ದೂರದ ನೋವಿಗೆ ಅಳುವವರು ತಾವು ಉಣ್ಣುವ ಮನೆಯ ಹಿತ್ತಲನ್ನು ನೋಡುವುದಿಲ್ಲ. ಕಾರ್ಲ್ ಮಾರ್ಕ್ಸ್ 1853ರಲ್ಲೇ ಇದೇ ಮನೆತನದ ಇಬ್ಬಂದಿತನವನ್ನು ಅಮೆರಿಕದ ಪತ್ರಿಕೆಯಲ್ಲಿ ಬಯಲಿಗೆಳೆದಿದ್ದರು.

ಹಾಗಾದರೆ ಈ ಪ್ರವಾಸಿ ಬಸ್ಸು ಎಲ್ಲಿಂದ ಬಂತು? ಅದೂ ಇದೇ ಕಾಲದ ಕೂಸು. 1810ರಲ್ಲಿ ವಾಲ್ಟರ್ ಸ್ಕಾಟ್ ಸರೋವರದ ಸುಂದರಿಯ ಮೇಲೆ ಕಾವ್ಯ ಬರೆದ. ಕ್ಯಾಲಂಡರಿನ ಆಚೆಯ ಕೆರೆ ಕಾಡು ನೋಡಲು ಸಾರೋಟುಗಳು ಸಾಲುಗಟ್ಟಿದವು. 1822ರಲ್ಲಿ ನಾಲ್ಕನೇ ಜಾರ್ಜ್ ದೊರೆ ಎಡಿನ್‌ಬರೋಕ್ಕೆ ಬಂದಾಗ ಅದೇ ಸ್ಕಾಟ್ ಮುಂದೆ ನಿಂತು ಎಲ್ಲರಿಗೂ ಚೌಕಳಿ ಬಟ್ಟೆ ಉಡಿಸಿ ಮೆರವಣಿಗೆ ಮಾಡಿಸಿದ. ಬಡವರು ಉಟ್ಟರೆ ಅಪರಾಧವಾಗಿದ್ದ ಬಟ್ಟೆ ದೊರೆ ಉಟ್ಟಾಗ ಸಂಸ್ಕೃತಿಯಾಯಿತು. ಆ ಮೆರವಣಿಗೆಯಲ್ಲಿ ಬೀಗಿದವರಲ್ಲಿ ಗ್ಲೆನ್‌ಗ್ಯಾರಿಯ ಒಡೆಯ ಮ್ಯಾಕ್‌ಡೊನೆಲ್ ಒಬ್ಬ. ನಿಜವಾದ ಹೈಲ್ಯಾಂಡರುಗಳ ಸಂಘ ಕಟ್ಟಿದ್ದ ಈ ಮಹಾನುಭಾವ ತನ್ನ ನೆಲದಿಂದ ನಿಜವಾದ ಹೈಲ್ಯಾಂಡರುಗಳನ್ನೇ ಒಕ್ಕಲೆಬ್ಬಿಸುತ್ತಿದ್ದ! 1853ರಲ್ಲಿ ಅದೇ ಮನೆತನದವರು ನಾಯ್‌ಡಾರ್ಟ್‌ನ ಜನರನ್ನು ಹಡಗಿಗೆ ತುಂಬಿ ಕೆನಡಾಕ್ಕೆ ಕಳಿಸಿದರು. ಹತ್ತಲು ಒಪ್ಪದವರ ಮನೆ ಕೆಡವಿದರು.

1846ನೇ ಇಸವಿಯನ್ನು ನಾವು ವಿಶೇಷವಾಗಿ ನೆನಪಿಡಬೇಕು. ಆ ವರ್ಷ ಥಾಮಸ್ ಕುಕ್ ಇಂಗ್ಲೆಂಡಿನಿಂದ ಸ್ಕಾಟ್‌ಲೆಂಡಿಗೆ ತನ್ನ ಮೊದಲ ಗುಂಪು ಪ್ರವಾಸ ಹೊರಡಿಸಿದ. ಅದೇ ವರ್ಷ ಹೈಲ್ಯಾಂಡಿನಲ್ಲಿ ಆಲೂಗಡ್ಡೆ ಕೊಳೆತು ಬರಗಾಲ ಬಿತ್ತು. ಒಳ್ಳೆಯ ನೆಲ ಕುರಿಗೆ ಹೋಗಿ, ಸಮುದ್ರದ ಅಂಚಿನ ಕಲ್ಲುನೆಲಕ್ಕೆ ತಳ್ಳಿಸಿಕೊಂಡವರಿಗೆ ಆಲೂಗಡ್ಡೆ ಬಿಟ್ಟು ಬೇರೆ ಆಹಾರ ಇರಲಿಲ್ಲ. ಒಂದು ಕಡೆಯಿಂದ ನೋಡುವವರು ಬರುತ್ತಿದ್ದರು, ಇನ್ನೊಂದು ಕಡೆಯಿಂದ ಇದ್ದವರು ಹೋಗುತ್ತಿದ್ದರು.

ಇನ್ನು ನಮ್ಮ ಸಂಬಂಧಕ್ಕೆ ಬರೋಣ. ಬಸ್ಸು ಕಾಫಿಗೆ ನಿಲ್ಲುವ ಆ ಕ್ಯಾಲಂಡರಿನವನೇ ಫ್ರಾನ್ಸಿಸ್ ಬುಕಾನನ್. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಅಪ್ಪಣೆಯಂತೆ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ ಹೊಲ, ಬೆಳೆ, ಜಾತಿ ಎಲ್ಲಾ ಬರೆದುಕೊಂಡ. ಕೆನರಾದ ಭೂಮಿಯೊಡೆಯರ ಬಳಿ ಕೊಳ್ಳುವ ಮಾರುವ ಜೀತದಾಳುಗಳಿದ್ದದ್ದನ್ನೂ, ಅವರಿಗೆ ದಿನಕ್ಕೆ ಅಳೆದು ಹಾಕುವ ಅಕ್ಕಿಯನ್ನೂ ಬರೆದ. ನಮ್ಮ ಅಜ್ಜ ಮುತ್ತಜ್ಜಂದಿರು ಕಾಗದದಲ್ಲಿ ಕಾಣಿಸಿಕೊಂಡದ್ದು ಹೀಗೆ, ಸೇರು ಪಾವಿನ ಲೆಕ್ಕದಲ್ಲಿ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ದಂಡಿನ ನಾಯಕ ಡೇವಿಡ್ ಬೇರ್ಡ್ ಕೂಡ ಸ್ಕಾಟ್‌ಲೆಂಡಿನವನು. ಕ್ರೀಫ್ ಊರಿನ ಹತ್ತಿರ ಗುಡ್ಡದ ಮೇಲೆ ಅವನ ಹೆಸರಿನ ಕಲ್ಲುಕಂಬ ಇವತ್ತಿಗೂ ನಿಂತಿದೆ. ಅವತ್ತು ನುಗ್ಗಿದವರಲ್ಲಿ 73 ಮತ್ತು 74ನೇ ಹೈಲ್ಯಾಂಡ್ ರೆಜಿಮೆಂಟುಗಳಿದ್ದವು. ತಮ್ಮ ಸೀಮೆಯಲ್ಲಿ ನೆಲ ಕಳೆದುಕೊಳ್ಳುತ್ತಿದ್ದವರ ಮಕ್ಕಳು ನಮ್ಮ ಸೀಮೆಯಲ್ಲಿ ಕೋಟೆ ಗೆಲ್ಲಲು ಬಂದರು. ಕೆನಡಾಕ್ಕೆ ಹೋದವರು ಅಲ್ಲಿನ ಮೂಲನಿವಾಸಿಗಳ ನೆಲದ ಮೇಲೆ ಉತ್ತರು. ತುಳಿಸಿಕೊಂಡವನು ತಾನಾಗಿಯೇ ಇನ್ನೊಬ್ಬ ತುಳಿಸಿಕೊಂಡವನ ಅಣ್ಣತಮ್ಮ ಆಗುವುದಿಲ್ಲ. ಅದಕ್ಕೆ ಅರಿವು ಬೇಕು, ಸಂಘಟನೆ ಬೇಕು.

ಅಲ್ಲಿ ಸಂಘಟನೆ ಬಂದದ್ದು 1880ರ ದಶಕದಲ್ಲಿ. ಸ್ಕೈ ದ್ವೀಪದ ಬ್ರೇಸ್ ಎಂಬಲ್ಲಿ ಗೋಮಾಳವನ್ನು ಒಡೆಯ ಕಿತ್ತುಕೊಂಡಿದ್ದ. ಜನ ಗೇಣಿ ಕೊಡೋದಿಲ್ಲ ಅಂದರು. ನೋಟೀಸು ತಂದ ಅಮೀನನ ಕೈಯಿಂದ ಕಾಗದ ಕಿತ್ತು ಸುಟ್ಟರು. 1882ರ ಏಪ್ರಿಲ್‌ನಲ್ಲಿ ಗ್ಲಾಸ್ಗೋದಿಂದ ಸುಮಾರು ಐವತ್ತು ಪೊಲೀಸರು ಬಂದಾಗ ಹೆಂಗಸರೇ ಮುಂದೆ ನಿಂತು ಕಲ್ಲು ತೂರಿದರು. ಸರ್ಕಾರ ನೇಪಿಯರ್ ಆಯೋಗ ಕೂರಿಸಿತು. ಈ ನೇಪಿಯರ್ ಪ್ರಭು 1866ರಿಂದ 1872ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದವನು, ಬಳ್ಳಾರಿಯೂ ದಕ್ಷಿಣ ಕನ್ನಡವೂ ಅವನ ಆಳ್ವಿಕೆಯಲ್ಲೇ ಇದ್ದವು. 1883ರ ಮೇ ತಿಂಗಳಲ್ಲಿ ಬ್ರೇಸ್‌ನಲ್ಲಿ ಮೊದಲ ಸಾಕ್ಷಿಯಾಗಿ ಎದ್ದು ನಿಂತ ಆಂಗಸ್ ಸ್ಟೀವರ್ಟ್ ಕೇಳಿದ್ದು ಒಂದೇ ಮಾತು: ನಿಜ ಹೇಳಿದರೆ ನನ್ನನ್ನು ಒಕ್ಕಲೆಬ್ಬಿಸುವುದಿಲ್ಲ ಅಂತ ಭರವಸೆ ಕೊಡ್ತೀರಾ? ಪಂಚಾಯ್ತಿ ಕಟ್ಟೆಯ ಮುಂದೆ ಬಾಯಿ ತೆರೆಯುವ ಮೊದಲು ನಮ್ಮವರ ಎದೆಯಲ್ಲಿ ಹುಟ್ಟುವ ಪ್ರಶ್ನೆಯೂ ಇದೇ ಅಲ್ಲವೆ?

1886ರಲ್ಲಿ ಕಾನೂನು ಬಂತು. ಗೇಣಿದಾರನನ್ನು ಮನಸ್ಸಿಗೆ ಬಂದಂತೆ ಎಬ್ಬಿಸುವ ಹಾಗಿಲ್ಲ, ನ್ಯಾಯವಾದ ಗೇಣಿ ಗೊತ್ತು ಮಾಡಬೇಕು, ಹಿಡುವಳಿ ಮಕ್ಕಳಿಗೆ ಇಳಿಯಬೇಕು. ದೊಡ್ಡ ಗೆಲುವೇ ಸರಿ. ಆದರೆ ಹಿಡುವಳಿಯೇ ಇಲ್ಲದೆ ಬರೀ ಗುಡಿಸಲಿನಲ್ಲಿದ್ದ ಕೂಲಿಯವರಿಗೆ ಆ ಕಾನೂನು ನೆಲ ಕೊಡಲಿಲ್ಲ. 1887ರ ನವೆಂಬರಿನಲ್ಲಿ ಲೂಯಿಸ್ ದ್ವೀಪದ ಅಂಥ ಹಸಿದವರು ಒಡೆಯರ ಬೇಟೆಯ ಕಾಡಿಗೆ ನುಗ್ಗಿ ಜಿಂಕೆ ಹೊಡೆದು ತಿಂದರು.

ಇಲ್ಲಿ ನಾವು ನಿಂತು ಯೋಚಿಸಬೇಕು. 1974ರಲ್ಲಿ ದೇವರಾಜ ಅರಸು ಕಾಲದ ಭೂಸುಧಾರಣೆ ಕಾಯಿದೆ ಬಂತು. ಉಳುವವನೇ ಹೊಲದೊಡೆಯ ಅಂದರು. ಫಾರಂ ನಂಬರ್ 7 ತುಂಬಿ ಟ್ರಿಬ್ಯೂನಲ್ ಮುಂದೆ ನಿಂತ ಗೇಣಿದಾರ ಒಡೆಯನಾದ. ಅದನ್ನು ನಾವು ಕೀಳುಗಳೆಯುವುದಿಲ್ಲ. ಆದರೆ ಗೇಣಿಯೂ ಇಲ್ಲದ, ಪಹಣಿಯಲ್ಲಿ ಹೆಸರೂ ಇಲ್ಲದ, ಕೂಲಿಗೋ ಜೀತಕ್ಕೋ ದುಡಿದ ನಮ್ಮ ಕೇರಿಯವರು ಯಾವ ಫಾರಂ ತುಂಬಬೇಕಿತ್ತು? ನೇಗಿಲು ಹಿಡಿದ ಕೈ ಅವರದೇ, ಆದರೆ ಕಾನೂನಿನ ಲೆಕ್ಕದಲ್ಲಿ ಉಳುವವರು ಅವರಲ್ಲ. 1886ರ ಸ್ಕಾಟ್‌ಲೆಂಡೂ 1974ರ ಕರ್ನಾಟಕವೂ ಎಡವಿದ್ದು ಒಂದೇ ಕಲ್ಲಿಗೆ. ಈಗ 2020ರ ತಿದ್ದುಪಡಿ ಬೇಸಾಯಗಾರನಲ್ಲದ ಹಣವಂತನಿಗೂ ಹೊಲ ಕೊಳ್ಳಲು ಬಾಗಿಲು ತೆರೆದಿದೆ. ಕುರಿ ಗುತ್ತಿಗೆದಾರನ ಜಾಗಕ್ಕೆ ರೆಸಾರ್ಟಿನವನು ಬರುತ್ತಾನೆ, ಅಷ್ಟೇ.

ಆದರೂ ಹೈಲ್ಯಾಂಡಿನ ಒಕ್ಕಲು ನಮ್ಮ ಹೊಲೆಮಾದಿಗರ ಪಡಿಯಚ್ಚು ಅಂತ ಹೇಳಿದರೆ ಅದು ಸುಳ್ಳು. ಅವನನ್ನು ಯಾರೂ ಮುಟ್ಟಬಾರದವನು ಅನ್ನಲಿಲ್ಲ. ಗ್ಲಾಸ್ಗೋದ ಕಾರ್ಖಾನೆಗೆ ಹೋದ ಮೇಲೆ ಎರಡು ತಲೆಮಾರಿನಲ್ಲಿ ಅವನು ಎಲ್ಲರೊಳಗೆ ಒಬ್ಬನಾದ. ನಮ್ಮವನು ಬೆಂಗಳೂರಿಗೆ ಬಂದರೂ ಬಾಡಿಗೆ ಮನೆ ಕೇಳುವಾಗ ಜಾತಿ ಹಿಂದೆಯೇ ಬಂದು ನಿಲ್ಲುತ್ತದೆ.

ಅಲ್ಲಿ ಊರಾಚೆಯವರು ಯಾರೂ ಇರಲಿಲ್ಲವೆ? ಇದ್ದರು. ಇದ್ದಾರೆ. ತವರದ ಪಾತ್ರೆ ಮಾಡುತ್ತ, ಹೊಳೆಯಲ್ಲಿ ಮುತ್ತು ಹುಡುಕುತ್ತ, ಸುಗ್ಗಿಯಲ್ಲಿ ಕೂಲಿ ಮಾಡುತ್ತ, ಡೇರೆಯಲ್ಲಿ ಬದುಕಿದ ಅಲೆಮಾರಿಗಳು. ಬಸ್ಸು ಸಂಜೆ ಹಾದುಬರುವ ಅದೇ ಪಿಟ್ಲಾಕ್ರಿಯಲ್ಲಿ, 1940ರ ದಶಕದಲ್ಲಿ, ಅವರನ್ನು ‘ಸುಧಾರಿಸುವ’ ಪ್ರಯೋಗಕ್ಕೆ ಅಂತ ಬಾಬಿನ್ ಮಿಲ್ ಎಂಬ ಜಾಗದಲ್ಲಿ ಹಳೇ ಶೆಡ್ಡೊಂದನ್ನು ಪಾಲು ಮಾಡಿ ಕೂರಿಸಿದರು. ಹೀಗೆ ಎಷ್ಟೋ ಕಡೆ ಅಲೆಯುವ ಬದುಕು ಬಿಡಿಸಲು ಹೊರಟರು, ಮಕ್ಕಳನ್ನು ತಂದೆತಾಯಿಯಿಂದ ಕಿತ್ತರು. ಅಲೆಮಾರಿಗಳು ವರ್ಷಗಟ್ಟಲೆ ಹೋರಾಡಿದ ಮೇಲೆ 2025ರ ಜೂನ್‌ನಲ್ಲಿ ಸ್ಕಾಟ್‌ಲೆಂಡ್ ಸರ್ಕಾರ ಸಂಸತ್ತಿನಲ್ಲಿ ಕ್ಷಮೆ ಕೇಳಿತು. ಒಕ್ಕಲೆಬ್ಬಿಸಿದವರ ಚರಿತ್ರೆಗೆ ಬಸ್ಸಿನಲ್ಲಿ ಐದು ನಿಮಿಷವಾದರೂ ಸಿಗುತ್ತದೆ. ಒಕ್ಕಲೇ ಅಲ್ಲದವರ ಚರಿತ್ರೆಗೆ ಅದೂ ಇಲ್ಲ.

ಅಲ್ಲಿನ ಜನ ಸುಮ್ಮನೆ ಕೂತಿಲ್ಲ. 1993ರಲ್ಲಿ ಅಸಿಂಟ್‌ನ ಸಣ್ಣ ಹಿಡುವಳಿದಾರರು ಚಂದಾ ಎತ್ತಿ 21,000 ಎಕರೆಗೂ ಮಿಕ್ಕಿದ ಎಸ್ಟೇಟನ್ನೇ ಕೊಂಡರು. 1997ರಲ್ಲಿ ಎಗ್ ದ್ವೀಪದವರು ದ್ವೀಪವನ್ನೇ ಕೊಂಡರು. 2003ರ ಭೂಸುಧಾರಣೆ ಕಾನೂನು ಊರಿನವರಿಗೆ ಮೊದಲು ಕೊಳ್ಳುವ ಹಕ್ಕು ಕೊಟ್ಟಿತು. ಆದರೂ 2013ರಲ್ಲಿ ತೆಗೆದ ಲೆಕ್ಕದಲ್ಲಿ ಅಲ್ಲಿನ ಖಾಸಗಿ ಗ್ರಾಮೀಣ ಭೂಮಿಯ ಅರ್ಧದಷ್ಟು ಬರೀ 432 ಒಡೆಯರ ಕೈಯಲ್ಲಿತ್ತು. ಕಿಟಕಿಯಿಂದ ಕಾಣುವ ಪ್ರಶಾಂತತೆಯ ಅರ್ಥ ಇದು.

ನಮ್ಮಲ್ಲೂ ಬಸ್ಸುಗಳಿವೆ. ಹಂಪಿಗೆ, ಬೇಲೂರಿಗೆ, ಶ್ರೀರಂಗಪಟ್ಟಣಕ್ಕೆ ದಿನಾ ಹೋಗುತ್ತವೆ. ಗೈಡು ಕಟ್ಟಿಸಿದವನ ಹೆಸರು ಹೇಳುತ್ತಾನೆ, ಕಲ್ಲು ಹೊತ್ತವನ ಕೇರಿ ಎಲ್ಲಿತ್ತು ಅಂತ ಹೇಳುವುದಿಲ್ಲ. ಕೆರೆ ತೋರಿಸುತ್ತಾನೆ, ಅದರ ತೂಬು ಕಾದ ನೀರಗಂಟಿಯ ಹೆಸರು ಅವನಿಗೂ ಗೊತ್ತಿಲ್ಲ. ಅವನನ್ನು ಬೈದು ಫಲವಿಲ್ಲ, ಅವನಿಗೆ ಯಾರೂ ಬರೆದು ಕೊಟ್ಟಿಲ್ಲ. ಸ್ಟ್ರಾತ್‌ನೇವರಿನ ಬೆಂಕಿ ಉಳಿದದ್ದು ಒಬ್ಬ ಕಲ್ಲುಕುಟಿಗ ಬರೆದಿಟ್ಟಿದ್ದರಿಂದ. ಗೆಳೆಯರೇ, ನಿಮ್ಮ ಊರಿನ ಕೇರಿ ಮೊದಲು ಎಲ್ಲಿತ್ತು, ಯಾವ ವರ್ಷ ಎಬ್ಬಿಸಿದರು, ಯಾರು ಎಬ್ಬಿಸಿದರು, ಆ ಜಾಗದಲ್ಲಿ ಈಗ ಏನಿದೆ, ಹಿರಿಯರು ಬದುಕಿರುವಾಗಲೇ ಕೇಳಿ ಬರೆದಿಡಿ. ಸರ್ವೆ ನಂಬರ್ ಸಮೇತ ಬರೆದಿಡಿ.