ಹಂಬಗ್ ಹಳ್ಳದ ಬಿಡಾರಗಳು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸಿಯೆರಾ ನೆವಾಡ ಪರ್ವತಸಾಲಿನಲ್ಲಿ, ನೆವಾಡ ಸಿಟಿ ಪಟ್ಟಣದಿಂದ ಈಶಾನ್ಯಕ್ಕೆ ಸುಮಾರು 26 ಮೈಲಿ ಹೋದರೆ ಮ್ಯಾಲಕಾಫ್ ಡಿಗಿನ್ಸ್ ಎಂಬ ಐತಿಹಾಸಿಕ ಉದ್ಯಾನ ಸಿಗುತ್ತದೆ. 3,000 ಎಕರೆಗೂ ಮಿಕ್ಕಿದ ಈ ಜಾಗದ ನಡುವೆ ಒಂದು ಮಹಾ ಹೊಂಡವಿದೆ. ಉದ್ದ ಸುಮಾರು 7,000 ಅಡಿ, ಅಗಲ 3,000 ಅಡಿ. ಚಿನ್ನದ ಗಣಿ ನಡೆಯುತ್ತಿದ್ದಾಗ ಅದರ ಆಳ 600 ಅಡಿಯ ಹತ್ತಿರಕ್ಕೆ ಬಂದಿತ್ತು. ಬಿಳಿ, ಕೇಸರಿ, ಕೆಂಪು ಬಣ್ಣದ ಅದರ ಗೋಡೆಗಳನ್ನು ದೂರದಿಂದ ಕಂಡವರು ಪ್ರಕೃತಿಯೇ ಕೊರೆದ ಕಣಿವೆ ಎಂದುಕೊಳ್ಳುತ್ತಾರೆ. ಕೊರೆದದ್ದು ಮನುಷ್ಯ, ಅವನ ಸಲಕರಣೆ ನೀರು. ಹೊಂಡದ ಮೇಲ್ಭಾಗದ ಪೈನ್ ಕಾಡಿನಲ್ಲಿ ಇಂದು ಷೂಟ್ ಹಿಲ್ ಎಂಬ ಬಿಡಾರದಾಣವಿದೆ. ಅಲ್ಲಿ ಡೇರೆ ಹಾಕಲು ಸುಮಾರು 30 ಜಾಗಗಳಿವೆ. ಹೊಂಡದ ಪಕ್ಕದ ಹಳೆಯ ಗಣಿ ಊರಿನ ಚರಿತ್ರೆ ಶುರುವಾದದ್ದೂ ಡೇರೆಯಿಂದಲೇ.

ಈ ಬೆಟ್ಟಗಳು ನಿಸೆನಾನ್ ಜನರ ನೆಲ. ಚಳಿಗಾಲಕ್ಕೆ ಕೆಳಗಿನ ಊರುಗಳು, ಬೇಸಿಗೆಗೆ ಎತ್ತರದ ಕಾಡು, ಓಕ್ ಮರದ ಬೀಜವನ್ನು ಕುಟ್ಟಿ ಮಾಡಿದ ಆಹಾರ, ಹೊಳೆಯ ಸಾಲ್ಮನ್ ಮೀನು, ಹೀಗಿತ್ತು ಅವರ ಬದುಕು. 1848ರ ಜನವರಿ 24ರಂದು ಕೊಲೊಮಾದಲ್ಲಿ, ಸಟರ್ ಎಂಬವರಿಗಾಗಿ ಕಟ್ಟುತ್ತಿದ್ದ ಮರ ಕೊಯ್ಯುವ ಗಿರಣಿಯ ಕಾಲುವೆಯಲ್ಲಿ ಜೇಮ್ಸ್ ಮಾರ್ಷಲ್ ಚಿನ್ನದ ಹರಳುಗಳನ್ನು ಕಂಡರು. ಮುಂದಿನ ವರ್ಷದಿಂದ ಜನ ಸಾವಿರಗಟ್ಟಲೆ ನುಗ್ಗಿ ಬಂದರು. ನಿಸೆನಾನ್ ಜನ ರೋಗದಿಂದ, ಹಸಿವಿನಿಂದ, ಗುಂಡಿನಿಂದ ಕೆಲವೇ ವರ್ಷಗಳಲ್ಲಿ ತಮ್ಮ ನೆಲದಲ್ಲೇ ಅಲ್ಪಸಂಖ್ಯಾತರಾದರು. ಚಿನ್ನದ ಕಥೆಯನ್ನು ಹೇಳುವಾಗ ಈ ಮಾತನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಆರಂಭದ ಗಣಿಗಾರನ ಬಿಡಾರವೆಂದರೆ ಹಳ್ಳದ ದಂಡೆಯ ಒಂದು ಕ್ಯಾನ್ವಾಸ್ ಡೇರೆ, ಒಂದು ಗುದ್ದಲಿ, ಒಂದು ಸಲಿಕೆ, ಅಗಲವಾದ ಒಂದು ಕಬ್ಬಿಣದ ತಟ್ಟೆ. ಅಕ್ಕಿಯಿಂದ ಕಲ್ಲನ್ನು ಜಾಲಿಸಿ ತೆಗೆದ ಹಾಗೆ ಮರಳನ್ನು ನೀರಿನಲ್ಲಿ ತೊನೆದರೆ ಹಗುರ ಮಣ್ಣು ಹೊರಚೆಲ್ಲಿ ಹೋಗಿ ಭಾರದ ಚಿನ್ನ ತಳದಲ್ಲಿ ಉಳಿಯುತ್ತದೆ. ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಮಾಡುತ್ತಿದ್ದುದೂ ಇದೇ ಕೆಲಸ. ಹಳ್ಳ ಬರಿದಾದರೆ ಡೇರೆ ಕಿತ್ತು ಮುಂದಿನ ಹಳ್ಳಕ್ಕೆ ಹೋಗುವುದು. ಚಿನ್ನ ಸಿಗುತ್ತಲೇ ಇದ್ದರೆ ಡೇರೆಯ ಜಾಗದಲ್ಲಿ ಮರದ ಗುಡಿಸಲು, ಅಂಗಡಿ, ಹೆಂಡದಂಗಡಿ ಏಳುವುದು. ಕ್ಯಾಲಿಫೋರ್ನಿಯಾದ ಎಷ್ಟೋ ಪಟ್ಟಣಗಳು ಹೀಗೆ ಬೆಳೆದವು.

ಈ ಊರು ಹುಟ್ಟಿದ್ದು 1850ರ ದಶಕದ ಆರಂಭದಲ್ಲಿ. ಅದರ ಮೊದಲ ಹೆಸರು ಹಂಬಗ್, ಎಂದರೆ ಬುರುಡೆ, ಮೋಸ. ಸ್ಥಳೀಯರು ಹೇಳಿಕೊಂಡು ಬಂದ ಕಥೆ ಹೀಗಿದೆ: ಚಿನ್ನ ಕಂಡ ಗೆಳೆಯರ ಪೈಕಿ ಒಬ್ಬ ದಿನಸಿ ತರಲು ನೆವಾಡ ಸಿಟಿಗೆ ಹೋದವನು ಕುಡಿದ ಮತ್ತಿನಲ್ಲಿ ಗುಟ್ಟು ಬಿಟ್ಟುಕೊಟ್ಟ. ದೊಡ್ಡ ಗುಂಪೇ ಅವನ ಬೆನ್ನು ಹತ್ತಿತು. ಬಂದವರಿಗೆ ಏನೂ ಸಿಗಲಿಲ್ಲ, ಹಳ್ಳಕ್ಕೆ ಆ ಹೆಸರಿಟ್ಟು ಹಿಂದಿರುಗಿದರು. 1857ರಲ್ಲಿ ಅಂಚೆ ಕಚೇರಿ ಬರುವಾಗ ಊರಿನವರು ಮರ್ಯಾದೆಯ ಹೆಸರು ಬೇಕೆಂದು ಬ್ಲೂಮ್‌ಫೀಲ್ಡ್ ಎಂಬುದನ್ನು ಆರಿಸಿಕೊಂಡರು. ರಾಜ್ಯದಲ್ಲಿ ಅದೇ ಹೆಸರಿನ ಇನ್ನೊಂದು ಊರಿದ್ದ ಕಾರಣ ಇದು ನಾರ್ತ್ ಬ್ಲೂಮ್‌ಫೀಲ್ಡ್ ಆಯಿತು. ಹಳ್ಳದ ಹೆಸರು ಮಾತ್ರ ಇಂದಿಗೂ ಹಂಬಗ್.

ಗುಂಪು ಹುಡುಕಿದ್ದು ಹಳ್ಳದ ಮರಳಲ್ಲಿ. ಸಂಪತ್ತು ಇದ್ದದ್ದು ಗುಡ್ಡದ ಒಡಲಲ್ಲಿ. ಸುಮಾರು ಐದು ಕೋಟಿ ವರ್ಷಗಳ ಹಿಂದೆ ಇಲ್ಲಿ ಬೇರೊಂದು ನದಿ ಹರಿಯುತ್ತಿತ್ತು. ಚಿನ್ನವಿದ್ದ ಶಿಲೆಗಳನ್ನು ಸವೆಸಿ, ಗರಸನ್ನೂ ಮರಳನ್ನೂ ನೂರಾರು ಅಡಿ ದಪ್ಪಕ್ಕೆ ಪೇರಿಸಿ, ಕೊನೆಗೆ ಜ್ವಾಲಾಮುಖಿಗಳ ಬೂದಿಯಡಿ ಅದು ಹೂತುಹೋಯಿತು. ಬಳಿಕ ಪರ್ವತ ಮೇಲೆದ್ದಿತು, ಹೊಸ ನದಿಗಳು ಬೇರೆ ದಾರಿ ಕೊರೆದವು, ಹಳೆಯ ನದಿಯ ಪಾತ್ರ ಗುಡ್ಡದ ನೆತ್ತಿಯಲ್ಲಿ ಉಳಿಯಿತು. ಚಿನ್ನ ಹೆಚ್ಚಾಗಿದ್ದದ್ದು ತಳಬಂಡೆಗೆ ತಾಗಿದ ನೀಲಿ ಛಾಯೆಯ ಪದರದಲ್ಲಿ. ಮೇಲಿನ ಗರಸಿನಲ್ಲಿ ಒಂದು ಘನ ಗಜಕ್ಕೆ ಕೆಲವೇ ಸೆಂಟುಗಳ ಬೆಲೆಯಷ್ಟು. ಸಲಿಕೆಯಿಂದ ಅಗೆದು ಜಾಲಿಸಿದರೆ ಕೂಲಿಯೂ ಗಿಟ್ಟದು. ಗುಡ್ಡವನ್ನೇ ಅಗ್ಗವಾಗಿ ಕರಗಿಸುವ ಉಪಾಯ ಬೇಕಿತ್ತು.

ಉಪಾಯ ಹುಟ್ಟಿದ್ದು ನೆವಾಡ ಸಿಟಿಯ ಪಕ್ಕದಲ್ಲೇ. 1852ರಲ್ಲಿ ಆಂಥನಿ ಷಾಬೋ ಎಂಬವರು ಎತ್ತರದಿಂದ ನೀರಿಳಿಸಲು ಕ್ಯಾನ್ವಾಸ್ ಕೊಳವೆ ಹೊಲಿಸಿದರು. ಮರುವರ್ಷ ಎಡ್ವರ್ಡ್ ಮ್ಯಾಟಿಸನ್ ಅಂಥ ಕೊಳವೆಯ ತುದಿಗೆ ಕಿರಿದಾದ ಲೋಹದ ಮೂತಿ ಜೋಡಿಸಿ ಗುಡ್ಡಕ್ಕೆ ಗುರಿಯಿಟ್ಟರು. ದಿನಗಟ್ಟಲೆ ಅಗೆಯಬೇಕಿದ್ದ ಮಣ್ಣು ಗಂಟೆಗಳಲ್ಲಿ ಕುಸಿದು ಹರಿಯಿತು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಕ್ಯಾನ್ವಾಸ್ ಹೋಗಿ ಕಬ್ಬಿಣದ ಕೊಳವೆ ಬಂತು. ಎಡಬಲಕ್ಕೂ ಮೇಲೆಕೆಳಗೂ ತಿರುಗುವ ನೀರಿನ ಫಿರಂಗಿ ಬಂತು. ಅದರ ಹೆಸರು ಮಾನಿಟರ್. ಆ ಧಾರೆಗೆ ಎದುರಾದ ಮನುಷ್ಯ ಬದುಕುಳಿಯುವಂತಿರಲಿಲ್ಲ.

ಕರಗಿದ ಗುಡ್ಡ ಕೆಸರಾಗಿ ಮರದ ಉದ್ದನೆಯ ದೋಣಿಗಳಲ್ಲಿ ಹರಿಯುತ್ತಿತ್ತು. ದೋಣಿಯ ತಳದ ಅಡ್ಡಪಟ್ಟಿಗಳ ಸಂದಿನಲ್ಲಿ ಪಾದರಸ ಸುರಿದಿಡುತ್ತಿದ್ದರು. ಚಿನ್ನದ ಪುಡಿ ಅದಕ್ಕಂಟಿ ಮುದ್ದೆಯಾಗುತ್ತಿತ್ತು. ಮುದ್ದೆಯನ್ನು ಕಾಯಿಸಿದರೆ ಪಾದರಸ ಆವಿಯಾಗಿ ಚಿನ್ನ ಉಳಿಯುತ್ತಿತ್ತು. ಆವಿಯನ್ನು ತಣಿಸಿ ಪಾದರಸವನ್ನು ಮತ್ತೆ ಬಳಸುತ್ತಿದ್ದರಾದರೂ ದೊಡ್ಡದೊಂದು ಪಾಲು ಕೆಸರಿನ ಜೊತೆ ಹೊಳೆ ಸೇರುತ್ತಿತ್ತು.

ಇಷ್ಟೆಲ್ಲ ನಡೆಸುವುದು ಡೇರೆಯ ಒಂಟಿ ಗಣಿಗಾರನ ಕೈಲಾಗುವ ಮಾತಲ್ಲ. 1866ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹಣವಂತರು ನಾರ್ತ್ ಬ್ಲೂಮ್‌ಫೀಲ್ಡ್ ಗ್ರಾವೆಲ್ ಮೈನಿಂಗ್ ಕಂಪನಿಯನ್ನು ಕಟ್ಟಿದರು. ಎಂಜಿನಿಯರ್ ಹ್ಯಾಮಿಲ್ಟನ್ ಸ್ಮಿತ್ ಅವರ ಮೇಲ್ವಿಚಾರಣೆಯಲ್ಲಿ ಎತ್ತರದ ಬೌಮನ್ ಜಲಾಶಯದಿಂದ 40 ಮೈಲಿಗೂ ಉದ್ದದ ಕಾಲುವೆ ಬಂತು. ಹೊಂಡದ ನೀರನ್ನೂ ಹೂಳನ್ನೂ ಹೊರಹಾಕಲು ಬಂಡೆಯೊಳಗೆ 7,800 ಅಡಿಗೂ ಮಿಕ್ಕಿದ ಸುರಂಗ ಬೇಕಿತ್ತು. ಎರಡು ತುದಿಗಳಿಂದಷ್ಟೇ ಕೊರೆದರೆ ಕಾಲ ಸಾಲದೆಂದು ದಾರಿಯುದ್ದಕ್ಕೂ ಎಂಟು ಬಾವಿ ಇಳಿಸಿ, ಪ್ರತಿ ಬಾವಿಯ ತಳದಿಂದ ಎರಡೂ ದಿಕ್ಕಿಗೆ ಕೊರೆದರು. 1874ರಲ್ಲಿ ಸುರಂಗ ಮುಗಿಯಿತು. ದಶಕದ ಕೊನೆಯ ಹೊತ್ತಿಗೆ ಕಾಲುವೆಯ ಕಾವಲಿಗೆಂದು ಸುಮಾರು 60 ಮೈಲಿ ಉದ್ದದ ಟೆಲಿಫೋನ್ ತಂತಿ ಬೆಟ್ಟದಲ್ಲಿ ಹಾಯ್ದುಹೋಯಿತು. ಜಗತ್ತಿನ ಮೊದಮೊದಲ ದೂರದ ತಂತಿಗಳಲ್ಲಿ ಅದೊಂದು. ರಾತ್ರಿಯೂ ಕೆಲಸ ನಿಲ್ಲದಂತೆ ವಿದ್ಯುತ್ ದೀಪಗಳು ಬಂದವು. ಇದೇ ಗಣಿಸೀಮೆಯ ಕ್ಯಾಂಪ್ಟನ್‌ವಿಲ್‌ನಲ್ಲಿ ಲೆಸ್ಟರ್ ಪೆಲ್ಟನ್ ಎಂಬ ಮರಗೆಲಸದ ಕುಶಲಿ, ಧಾರೆ ತಾಗಿ ತಿರುಗುವ ಚಕ್ರಕ್ಕೆ ಜೋಡಿ ಬಟ್ಟಲುಗಳನ್ನು ಕೂಡಿಸಿ 1880ರಲ್ಲಿ ಪೇಟೆಂಟ್ ಪಡೆದರು. ನಮ್ಮ ಶರಾವತಿ ವಿದ್ಯುದಾಗಾರದಲ್ಲಿ ತಿರುಗುವುದು ಅದೇ ಪೆಲ್ಟನ್ ಮಾದರಿಯ ಚಕ್ರ.

ಗಣಿಯಲ್ಲೂ ಕಾಲುವೆಯಲ್ಲೂ ದುಡಿದವರಲ್ಲಿ ಚೀನೀಯರು ಬಹಳ. ಅವರ ಬಿಡಾರಗಳು ಊರಿನಿಂದ ಬೇರೆಯಾಗಿಯೇ ಇದ್ದವು. 1850ರಲ್ಲಿ ಹೊರದೇಶದ ಗಣಿಗಾರರ ಮೇಲೆ ತಿಂಗಳಿಗೆ 20 ಡಾಲರ್ ತೆರಿಗೆ ಬಿದ್ದಿತ್ತು. ರದ್ದಾಗಿ 1852ರಲ್ಲಿ ಬೇರೆ ದರದಲ್ಲಿ ಮರಳಿದ ತೆರಿಗೆಯ ಭಾರ ಬಹುಪಾಲು ಬಿದ್ದದ್ದು ಅವರ ಮೇಲೆ. 1882ರ ಕಾನೂನು ಚೀನೀ ಕಾರ್ಮಿಕರು ಅಮೆರಿಕಕ್ಕೆ ಬರುವುದನ್ನೇ ನಿಷೇಧಿಸಿತು. ಊರಿನಲ್ಲಿ ಇಂದು ಉಳಿದಿರುವ ಮನೆಗಳಿಂದ ಅವರ ಬದುಕನ್ನು ಊಹಿಸುವುದು ಕಷ್ಟ. ಬೆಟ್ಟದಲ್ಲಿ ಉಳಿದಿರುವ ಕಾಲುವೆಯ ಗುರುತುಗಳೇ ಅವರ ದುಡಿಮೆಗೆ ಸಾಕ್ಷಿ.

ಗುಡ್ಡ ಎಲ್ಲಿಗೆ ಹೋಯಿತು? ಯೂಬಾ ನದಿಗೆ, ಅಲ್ಲಿಂದ ಬಯಲಿಗೆ. ನದಿಯ ತಳದಲ್ಲಿ ಹೂಳು ಏರುತ್ತಾ ಏರುತ್ತಾ ಮೇರಿಸ್‌ವಿಲ್ ಪಟ್ಟಣದ ಬೀದಿಗಳಿಗಿಂತ ಎತ್ತರಕ್ಕೆ ಬಂತು. ಸ್ಟೀಮರು ಓಡುತ್ತಿದ್ದ ನೀರುದಾರಿ ಮುಚ್ಚಿತು. ಪಟ್ಟಣದವರು ಸುತ್ತ ಏರಿ ಕಟ್ಟಿದರು, ಹೂಳು ಏರಿದಂತೆ ಏರಿಯನ್ನೂ ಎತ್ತರಿಸಿದರು. 1875ರ ಜನವರಿಯಲ್ಲಿ ಏರಿ ಒಡೆದು ಪಟ್ಟಣ ಮುಳುಗಿತು. ಗೋಧಿ ಹೊಲಗಳ ಮೇಲೆ, ಹಣ್ಣಿನ ತೋಟಗಳ ಮೇಲೆ ಜಿಗುಟು ಕೆಸರು ಹಾಸಿಕೊಂಡಿತು. ರೈತರು ಅದನ್ನು ಸ್ಲಿಕೆನ್ಸ್ ಎಂದರು. 1878ರಲ್ಲಿ ಅವರು ಹೂಳು ವಿರೋಧಿ ಸಂಘ ಕಟ್ಟಿದರು. ಚಿನ್ನದ ನಾಡಿನಲ್ಲಿ ಗಣಿಯ ವಿರುದ್ಧ ದನಿಯೆತ್ತಲು ಎಷ್ಟು ಗಟ್ಟಿ ಎದೆ ಬೇಕಿತ್ತೆಂಬುದನ್ನು ಇಂದು ಊಹಿಸುವುದು ಸುಲಭವಲ್ಲ.

1882ರಲ್ಲಿ ಮೇರಿಸ್‌ವಿಲ್‌ನಲ್ಲಿ ಆಸ್ತಿಯಿದ್ದ ಎಡ್ವರ್ಡ್ಸ್ ವುಡ್ರಫ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿದರು. ಗಣಿಯವರ ವಾದ ಬಲವಾಗಿಯೇ ಇತ್ತು: ಈ ಪದ್ಧತಿ ದಶಕಗಳಿಂದ ನಡೆದುಬಂದದ್ದು, ಸರ್ಕಾರವೇ ಕಾನೂನು ಮಾಡಿ ಗಣಿಗಾರಿಕೆಯನ್ನು ಒಪ್ಪಿದೆ, ಇಷ್ಟು ಗಣಿಗಳಿರುವಾಗ ಯಾರ ಹೂಳು ಯಾವುದೆಂದು ಹೇಳುವವರು ಯಾರು? ತೀರ್ಪು ಕೊಟ್ಟ ಒಕ್ಕೂಟ ನ್ಯಾಯಾಧೀಶ ಲೊರೆಂಜೊ ಸಾಯರ್ ಕೂಡ 1850ರಲ್ಲಿ ಚಿನ್ನದ ನಾಡಿಗೆ ಬಂದು ಕೆಲಕಾಲ ಗಣಿಯಲ್ಲಿ ದುಡಿದವರು. 1884ರ ಜನವರಿ 7ರಂದು ಅವರು ಕಂಪನಿಗೆ ಶಾಶ್ವತ ತಡೆಯಾಜ್ಞೆ ನೀಡಿದರು. ಗಣಿಯನ್ನು ಅವರು ನಿಷೇಧಿಸಲಿಲ್ಲ. ಹೂಳನ್ನು ನದಿಗೆ ಬಿಡಬಾರದು ಎಂದರು, ಅಷ್ಟೆ. ಹೂಳು ಬಿಡದೆ ಈ ಗಣಿ ನಡೆಯುವಂತಿರಲಿಲ್ಲ. ಮೇರಿಸ್‌ವಿಲ್‌ನಲ್ಲಿ ಸಂಭ್ರಮ, ಬೆಟ್ಟದ ಊರುಗಳಲ್ಲಿ ಸೂತಕ. ಅಮೆರಿಕದಲ್ಲಿ ಪರಿಸರದ ಪರವಾಗಿ ಬಂದ ಮೊದಲ ದೊಡ್ಡ ತೀರ್ಪುಗಳಲ್ಲಿ ಇದನ್ನು ಎಣಿಸುತ್ತಾರೆ. ನ್ಯಾಯಾಲಯ ಅಂದು ಕಾಪಾಡಿದ್ದು ಕಾಡನ್ನಲ್ಲ, ಕೆಳಗಿನವರ ಹೊಲಮನೆಗಳ ಹಕ್ಕನ್ನು ಎಂಬುದೂ ಅಷ್ಟೇ ನಿಜ.

1893ರ ಕಾನೂನು ಹೂಳು ತಡೆಯುವ ಅಣೆಕಟ್ಟು ಕಟ್ಟಿದವರಿಗೆ ಪರವಾನಗಿ ಕೊಡಲು ಒಪ್ಪಿತಾದರೂ ಹಳೆಯ ವೈಭವ ಮರಳಲಿಲ್ಲ. 1917ರಲ್ಲಿ ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್ ಲೆಕ್ಕ ಹಾಕಿ, ಸಿಯೆರಾದ ಈ ಗಣಿಗಳು ಹರಿಯಬಿಟ್ಟ ಹೂಳು ಪನಾಮಾ ಕಾಲುವೆಗಾಗಿ ಅಗೆದ ಮಣ್ಣಿನ ಸುಮಾರು ಎಂಟು ಪಟ್ಟು ಎಂದು ತೋರಿಸಿದರು. ಅದು ನದಿಯುದ್ದಕ್ಕೂ ಬಲು ನಿಧಾನವಾದ ಅಲೆಯಂತೆ ಸಾಗುತ್ತದೆ, ಗಣಿ ನಿಂತ ಮೇಲೂ ದಶಕಗಟ್ಟಲೆ ಚಲಿಸುತ್ತಿರುತ್ತದೆ ಎಂಬುದು ಅವರ ಶೋಧ. ನದಿಗಳನ್ನು ಓದುವ ಶಾಸ್ತ್ರಕ್ಕೆ ಅದೊಂದು ಅಡಿಗಲ್ಲು.

ಊರು ಮೆಲ್ಲಗೆ ಖಾಲಿಯಾಯಿತು. 1965ರಲ್ಲಿ ರಾಜ್ಯ ಸರ್ಕಾರ ಇದನ್ನು ಉದ್ಯಾನವಾಗಿ ವಹಿಸಿಕೊಂಡಿತು. 1973ರಲ್ಲಿ ಹೊಂಡವೂ ಊರೂ ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿ ಸೇರಿದವು. ಅಂಗಡಿ, ಔಷಧಾಲಯ, ಶಾಲೆ, ಕುದುರೆಲಾಯಗಳ ಪೈಕಿ ಕೆಲವು ಹಳೆಯವು, ಕೆಲವು ಮತ್ತೆ ಕಟ್ಟಿದವು. ಚರ್ಚನ್ನು ಬೇರೆ ಊರಿನಿಂದ ತಂದು ನಿಲ್ಲಿಸಿದ್ದಾರೆ. ವಸ್ತುಸಂಗ್ರಹಾಲಯದಲ್ಲಿ ಗಣಿಯ ಸಲಕರಣೆಗಳಿವೆ, ಬೀದಿಯಲ್ಲಿ ಮಾನಿಟರ್ ನಿಂತಿದೆ. 2011ರಲ್ಲಿ ರಾಜ್ಯ ಬೊಕ್ಕಸದ ಸಂಕಟದಿಂದ ಮುಚ್ಚಬೇಕೆಂದು ಗುರುತಿಸಿದ 70 ಉದ್ಯಾನಗಳ ಪಟ್ಟಿಯಲ್ಲಿ ಇದೂ ಇತ್ತು. ಸುತ್ತಲಿನ ಜನ ಹಟ ಹಿಡಿದು ಉಳಿಸಿಕೊಂಡರು.

ಬಿಡಾರ ಹೂಡುವವರು ಬರುವುದು ಹೆಚ್ಚಾಗಿ ಬೇಸಿಗೆಯಲ್ಲಿ. ನೆವಾಡ ಸಿಟಿಯಿಂದ ನದಿ ದಾಟಿ ಬರುವ ಹತ್ತಿರದ ದಾರಿ ಕಡಿದಾದ ಮಣ್ಣಿನ ರಸ್ತೆ. ಭಾರದ ಗಾಡಿಗಳವರು ಬೆಟ್ಟ ಬಳಸಿ ಬರುತ್ತಾರೆ. ಡೇರೆ ಬೇಡವೆನ್ನುವವರಿಗೆ ಊರಿನಲ್ಲಿ ಗಣಿಗಾರರ ಮನೆಗಳ ಮಾದರಿಯ ಕೆಲವು ಮರದ ಗುಡಿಸಲುಗಳು ಬಾಡಿಗೆಗಿವೆ. ಈಜಲು ಬ್ಲೇರ್ ಕೆರೆಯಿದೆ. ಹೊಂಡದೊಳಗೆ ಸುತ್ತುಹಾಕುವ ಸುಮಾರು 3 ಮೈಲಿಯ ಕಾಲುದಾರಿಯಲ್ಲಿ ಪೈನ್, ವಿಲೋ, ಮ್ಯಾಂಜನೀಟ ಗಿಡಗಳು ಬರಿಯ ಗರಸಿನಲ್ಲಿ ಬೇರೂರಿ ಬೆಳೆದಿವೆ. ಗೋಡೆಗಳು ಕುಸಿದು ತಳ ತುಂಬಿ ಹೊಂಡದ ಆಳ ಎಷ್ಟೋ ತಗ್ಗಿದೆ. 556 ಅಡಿ ಉದ್ದದ ಹಿಲ್ಲರ್ ಸುರಂಗದಲ್ಲಿ ದೀಪ ಹಿಡಿದು ನೀರಲ್ಲಿ ನಡೆದರೆ ಗಣಿಗಾರರ ಉಳಿಯ ಗುರುತು ಕೈಗೆ ತಾಗುತ್ತದೆ. ಹಂಬಗ್ ಹಬ್ಬದ ದಿನ ಮಾನಿಟರ್‌ನಿಂದ ನೀರು ಚಿಮ್ಮಿಸುತ್ತಾರೆ, ಮಕ್ಕಳು ತಟ್ಟೆಯಲ್ಲಿ ಮರಳು ಜಾಲಿಸುತ್ತಾರೆ.

ಮಳೆಗಾಲದಲ್ಲಿ ಹೊಂಡದ ನೀರು ಈಗಲೂ ಹಿಲ್ಲರ್ ಸುರಂಗದಿಂದ ಕೆಸರಿನ ಬಣ್ಣದಲ್ಲಿ ಹೊರಬಿದ್ದು ಹಂಬಗ್ ಹಳ್ಳಕ್ಕೆ, ಅಲ್ಲಿಂದ ದಕ್ಷಿಣ ಯೂಬಾ ನದಿಗೆ ಇಳಿಯುತ್ತದೆ. ಹಳೆಯ ಪಾದರಸದ ಅಂಶ ಅದರಲ್ಲಿದೆ. ಕೆಳಗಿನ ಜಲಾಶಯಗಳ ಮೀನನ್ನು ಎಷ್ಟು ತಿನ್ನಬಹುದೆಂದು ಸರ್ಕಾರ ಮಿತಿ ಹೇಳಬೇಕಾಗಿದೆ. ಆ ಹೂಳನ್ನು ಹೊಂಡದಲ್ಲೇ ತಡೆಯುವ ಬಗೆಯನ್ನು ವಿಜ್ಞಾನಿಗಳೂ ಸ್ಥಳೀಯ ನದಿ ಸಂಘಟನೆಗಳೂ ಹುಡುಕುತ್ತಿವೆ.